ಅನಿರಿಡಿಯಾ ಇದೆ. ಮದುವೆಗೆ ಮುಂಚೆ ಕೃತಕ ಐರಿಸ್ ಹಾಕಿಸಲೋ, ಬಣ್ಣದ ಲೆನ್ಸ್ ಸಾಕೋ? ಹುಡುಗನ ಮನೆಯವರಿಗೆ ಗೊತ್ತಾಗಬಾರದು.

ಸದ್ಯಕ್ಕೆ ಎರಡೂ ಬೇಡ. ನಿಮಗೆ ಅಮ್ಮನಿಂದ ಬಂತು ಅಂತ ಬರೆದಿದ್ದೀರಿ, ನನಗೆ ಅಪ್ಪನಿಂದ. ಕರಿಗುಡ್ಡೆಯ ಸುತ್ತ ಬಳೆಯ ಹಾಗೆ ಇರಬೇಕಾದ ಐರಿಸ್ ನಮ್ಮಿಬ್ಬರಿಗೂ ಇಲ್ಲ, ಅಂಚಿನಲ್ಲಿ ಚೂರು ಮೊಟಕು ಅಷ್ಟೆ. ಅಪ್ಪ ಮುಖದ ಮೇಲೆ ಟವೆಲ್ ಇಳಿಬಿಟ್ಟುಕೊಂಡೇ ಹೊಲಕ್ಕೆ ಹೋಗುತ್ತಿದ್ದರು. 'ಅವರ ಮನೆಯೋರಿಗೆ ಬಿಸಿಲು ಆಗಲ್ಲ' ಅಂತ ಊರೆಲ್ಲ ಅನ್ನುತ್ತಿತ್ತು. ನಾವೂ ಅದನ್ನೇ ನಂಬಿದ್ದೆವು.

ಕೆಲಸ ಸಿಕ್ಕಿದ ಮೇಲೆ ಒಳ್ಳೆಯ ಕೂಲಿಂಗ್ ಗ್ಲಾಸ್ ತಗೊಂಡೆ. ಆರಾಮಾಯಿತು. ಅದೇ ಹೊತ್ತಿಗೆ ಒಮ್ಮೆ ಕಣ್ಣಿನ ಪ್ರೆಷರ್ ಸ್ವಲ್ಪ ಜಾಸ್ತಿ ಬಂತು. 'ಅನಿರಿಡಿಯಾದಲ್ಲಿ ಕಾರ್ನಿಯಾ, ಅಂದ್ರೆ ಕಣ್ಣಿನ ಮುಂದಿನ ಗಾಜಿನಂಥ ಪದರ, ದಪ್ಪ ಇರುತ್ತೆ, ಅದಕ್ಕೂ ರೀಡಿಂಗ್ ಜಾಸ್ತಿ ತೋರಿಸಬಹುದು. ಆರು ತಿಂಗಳು ಬಿಟ್ಟು ಬನ್ನಿ' ಅಂದರು ಡಾಕ್ಟರು. ನಾನು ಮೊದಲರ್ಧ ಮಾತ್ರ ಕಿವಿಗೆ ಹಾಕಿಕೊಂಡೆ. ವರ್ಷಗಟ್ಟಲೆ ಆ ಕಡೆ ತಲೆ ಹಾಕಲಿಲ್ಲ. ಕನ್ನಡಕದ ನಂಬರ್ ಬದಲಾಗಲ್ಲ, ಸುಮ್ನೆ ಯಾಕೆ ರಜೆ ಹಾಕೋದು ಅಂತ.

ನೋವಾಗಲಿಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ, ಒಂಚೂರೂ ಇಲ್ಲ. ಕಣ್ಣೊಳಗಿನ ನೀರು ಹೊರಗೆ ಹೋಗುವ ದಾರಿ ಐರಿಸ್ಸಿನ ಬುಡದಲ್ಲೇ ಇದೆ. ನಮ್ಮಲ್ಲಿ ಆ ಜಾಗ ಸರಿಯಾಗಿ ಬೆಳೆದಿರುವುದಿಲ್ಲ, ಇಲ್ಲವೇ ಮೊಟಕು ಐರಿಸ್ ನಿಧಾನಕ್ಕೆ ಅದನ್ನು ಮುಚ್ಚುತ್ತದೆ. ಒತ್ತಡ ಏರಿ ಕಣ್ಣಿನ ನರ ಸಾಯುತ್ತದೆ. ಇದೇ ಗ್ಲಾಕೋಮಾ. ಮೊದಲು ಹೋಗುವುದು ಸಾಮಾನ್ಯವಾಗಿ ಪಕ್ಕದ ನೋಟ. ಹುಟ್ಟಿನಿಂದಲೇ ಮಂಜು, ಕಣ್ಣುಗುಡ್ಡೆ ಸದಾ ಆಡುತ್ತಿರುತ್ತದೆ. ಅದರಲ್ಲಿ ಇನ್ನಷ್ಟು ಕಡಿಮೆಯಾದರೆ ಗೊತ್ತಾಗುವುದು ಹೇಗೆ ಹೇಳಿ? ಸ್ಟೂಲ್ ಎಡವಿದಾಗೆಲ್ಲ ಅದನ್ನು ಅಲ್ಲಿಟ್ಟವರಿಗೆ ಬೈಯುತ್ತಿದ್ದೆ. ಕೊನೆಗೆ ಪರೀಕ್ಷೆ ಮಾಡಿಸಿದಾಗ ಎಡಗಣ್ಣಿನಲ್ಲಿ ನಡುಭಾಗ ಬಿಟ್ಟು ಹೆಚ್ಚೇನೂ ಉಳಿದಿರಲಿಲ್ಲ. ಗ್ಲಾಕೋಮಾದಲ್ಲಿ ಹೋದದ್ದು ವಾಪಸ್ ಬರಲ್ಲ. ಈಗ ದಿನಾ ಡ್ರಾಪ್ಸ್ ಹಾಕಿಕೊಂಡು ಉಳಿದದ್ದನ್ನು ಕಾಯುತ್ತಿದ್ದೇನೆ.

ಕೃತಕ ಐರಿಸ್‌ಗೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಾಗ ನಾನೂ ಕುಣಿದವನೇ. ಬೆಳಕು ಚುಚ್ಚುವುದು ಕಡಿಮೆಯಾಗಬಹುದು, ನಿಜ. ಆದರೆ ನೋಟ ಚುರುಕಾಗಲ್ಲ. ಅನಿರಿಡಿಯಾದಲ್ಲಿ ಸಾಮಾನ್ಯವಾಗಿ ಕಣ್ಣಿನ ಹಿಂದಿನ ಪರದೆಯಾದ ರೆಟಿನಾದ ನಡುಭಾಗವೂ ಪೂರ್ತಿ ಬೆಳೆದಿರುವುದಿಲ್ಲ. ಆಪರೇಷನ್ನಿಂದ ಪ್ರೆಷರ್ ಏರಬಹುದು, ಪೊರೆ ಬರಬಹುದು. ಪೊರೆ ತೆಗೆಸುವ ಕಾಲ ಬಂದಾಗ ಜೊತೆಯಲ್ಲೇ ಹಾಕಿಸುವ ಬಗ್ಗೆ ಕೇಳಿ ನೋಡಬಹುದು. ಬಣ್ಣದ ಲೆನ್ಸಂತೂ ಆನ್‌ಲೈನ್‌ನಲ್ಲಿ ತರಿಸಲೇಬೇಡಿ. ನಮ್ಮ ಕಾರ್ನಿಯಾ ಮೊದಲೇ ಒಣಗುವಂಥದ್ದು, ಗಾಯವಾದರೆ ಬೇಗ ಮಾಯಲ್ಲ.

ಇನ್ನು ಮದುವೆ. 'ಹುಡುಗನ ಮನೆಯವರಿಗೆ ಗೊತ್ತಾಗಬಾರದು' ಅನ್ನುವುದು ನನಗೆ ಸರಿ ಕಾಣಲಿಲ್ಲ. ಕಣ್ಣಿನ ಚಂದದ ವಿಷಯ ಬಿಡಿ. ನಿಮಗೆ ಹುಟ್ಟುವ ಪ್ರತಿ ಮಗುವಿಗೂ ಇದು ಬರುವ ಸಾಧ್ಯತೆ ಶೇ. 50. ಪ್ಯಾಕ್ಸ್-6 ಅನ್ನುವ ಜೀನ್‌ನ ಒಂದು ಪ್ರತಿ ಕೆಟ್ಟಿದ್ದರೂ ಸಾಕು. ಇದನ್ನು ಮುಚ್ಚಿಟ್ಟು ಮದುವೆಯಾಗೋದು ಹೇಗೆ? ನಾನು ಹೇಳಿದೆ. ಒಂದು ಸಂಬಂಧ ತಪ್ಪಿತು, ಇನ್ನೊಂದು ಕೂಡಿತು. ಮಗುವಿನ ಬಗ್ಗೆ ಯೋಚಿಸುವ ಮುಂಚೆ ಇಬ್ಬರೂ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಿ.

ಈಗ ಮಾಡಬೇಕಾದ್ದು ಗ್ಲಾಕೋಮಾ ನೋಡುವ ಡಾಕ್ಟರ ಹತ್ತಿರ ಹೋಗುವುದು. ಪ್ರೆಷರ್, ಕಾರ್ನಿಯಾ ದಪ್ಪ, ನರದ ಪರೀಕ್ಷೆ ಮೂರೂ ಮಾಡಿಸಿ. ಅಮ್ಮನನ್ನೂ ಕರೆದುಕೊಂಡು ಹೋಗಿ. ಅವರು ಕೊನೆಯ ಸಲ ಕಣ್ಣು ತೋರಿಸಿದ್ದು ಯಾವಾಗ ಅಂತ ನಿಮ್ಮ ಪ್ರಶ್ನೆಯಲ್ಲಿ ಎಲ್ಲೂ ಇಲ್ಲ.