ಯಾರೂ ಕೇಳಲಿಲ್ಲ ಎಂದಿರಿ

ಓದುಗರ ಪತ್ರ: ಪ್ರತಿ ವರ್ಷ ಡಿಸೆಂಬರ್ 31ರ ರಾತ್ರಿ ಆರಾಧನೆಗೆ ಹೋಗುತ್ತೇನೆ. ಬೈಬಲಿನ ಒಂದು ವಚನ ಬರೆದ ವಾಗ್ದಾನದ ಚೀಟಿ ಎತ್ತಿಕೊಳ್ಳುತ್ತೇನೆ. ಈ ಸಲ ಬೈಬಲನ್ನು ಪೂರ್ತಿ ಓದಬೇಕು ಅಂದುಕೊಳ್ಳುತ್ತೇನೆ. ಫೆಬ್ರವರಿ ಹೊತ್ತಿಗೆ ಎಲ್ಲ ನಿಂತುಹೋಗುತ್ತದೆ. ಹೋದ ವರ್ಷ ಮೂರು ತಿಂಗಳು ಚರ್ಚಿಗೆ, ನಮ್ಮ ಸಭೆಗೆ ಹೋಗಲಿಲ್ಲ. ಯಾಕೆ ಬರಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಈಗ ಮೊಬೈಲಿನಲ್ಲೇ ಆರಾಧನೆ ನೋಡುತ್ತೇನೆ. ಮನೆಯಲ್ಲೇ ಇದ್ದು ನಂಬಿಕೆಯನ್ನು ಹೊಸದು ಮಾಡಿಕೊಳ್ಳಬಹುದಲ್ವಾ?

ಸಂಪಾದಕರ ಉತ್ತರ:

ಪ್ರಿಯ ಸಹೋದರಿ,

ನಿಮ್ಮ ಪ್ರಶ್ನೆ ಪತ್ರದ ಕೊನೆಯ ಸಾಲಿನಲ್ಲಿದೆ. ನೋವು ಇರುವುದು ಅದಕ್ಕಿಂತ ಎರಡು ಸಾಲು ಮೇಲೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಮೂರು ತಿಂಗಳು ಯಾರೂ ಕೇಳಲಿಲ್ಲ ಅಂದರೆ ತಪ್ಪು ಸಭೆಯದ್ದೇ. ಅವರಿಗೂ ಕೆಲಸ ಇತ್ತೇನೋ ಎಂದು ಸುಮ್ನೆ ಸಮಾಧಾನ ಹೇಳಲು ನನಗೆ ಮನಸ್ಸಿಲ್ಲ. ಲೂಕನ ಸುವಾರ್ತೆಯ 15ನೇ ಅಧ್ಯಾಯದ ಕುರುಬ ಕಳೆದುಹೋದ ಕುರಿಯನ್ನು ಹುಡುಕಿಕೊಂಡು ಹೋದ ಎಂದು ಪ್ರಸಂಗಗಳಲ್ಲಿ ಕೇಳುತ್ತಲೇ ಇರುತ್ತೇವೆ. ಹುಡುಕುವ ಮೊದಲು ಅವನು ಎಣಿಸಿರಬೇಕು ಅಲ್ವಾ? ಇಲ್ಲದಿದ್ದರೆ ನೂರರಲ್ಲಿ ಒಂದು ಕಡಿಮೆ ಎಂದು ಗೊತ್ತಾಗುವುದು ಹೇಗೆ? ನಾವೂ ಭಾನುವಾರ ತಲೆ ಎಣಿಸುತ್ತೇವೆ. ಎಷ್ಟು ಜನ ಬಂದರು ಎಂದು ಪುಸ್ತಕದಲ್ಲಿ ಬರೆದಿಡುತ್ತೇವೆ. ಯಾರು ಬರಲಿಲ್ಲ ಎಂದು ಬರೆಯುವ ಜಾಗ ಆ ಪುಸ್ತಕದಲ್ಲಿ ಇರುವುದೇ ಇಲ್ಲ.

ನಿಮ್ಮ ವಾಗ್ದಾನದ ಚೀಟಿಯ ವಿಷಯಕ್ಕೆ ಬರುತ್ತೇನೆ. ವಚನವೊಂದನ್ನು ಆರಿಸಿ ಕೊಡುವ ಪದ್ಧತಿ ಹಳೆಯದು. ಜರ್ಮನಿಯ ಹೆರ್ನ್‌ಹೂಟ್ ಎಂಬ ಪುಟ್ಟ ಊರಿನಲ್ಲಿ ಮೊರಾವಿಯನ್ ಎಂಬ ಪ್ರೊಟೆಸ್ಟಂಟ್ ಸಭೆಯವರು 1728ರಲ್ಲಿ ದಿನಕ್ಕೊಂದು ವಚನ ಕೊಡಲು ಶುರು ಮಾಡಿದರು. 1731ಕ್ಕೆ ಅದು ಇಡೀ ವರ್ಷದ ಪುಸ್ತಕವಾಗಿ ಅಚ್ಚಾಯಿತು. ಇವತ್ತಿಗೂ ಬರುತ್ತಿದೆ. ನನಗೆ ಇಷ್ಟವಾಗುವುದು ಪುಸ್ತಕಕ್ಕಿಂತ ಹಿಂದಿನ ಕಥೆ. ಆಗ ಆ ದಿನದ ವಚನವನ್ನು ಸಭೆಯವರೇ ಯಾರಾದರೂ ಹೊತ್ತು ಮನೆಮನೆಗೆ ಹೋಗುತ್ತಿದ್ದರು. ಬಾಗಿಲಲ್ಲಿ ನಿಂತು ವಚನ ಹೇಳುತ್ತಿದ್ದರು, ಮನೆಯವರ ಜೊತೆ ಅದರ ಬಗ್ಗೆ ಮಾತಾಡುತ್ತಿದ್ದರು. ಮನೆಯಲ್ಲಿ ಯಾರಿಗಾದರೂ ಜ್ವರವಿದ್ದರೆ, ಮನಸ್ತಾಪವಿದ್ದರೆ ಬಂದವರ ಕಣ್ಣಿಗೆ ಬೀಳದೆ ಇರುತ್ತದೆಯೇ? ನಮ್ಮಲ್ಲಿ ಚೀಟಿ ಉಳಿದಿದೆ, ಅದನ್ನು ತರುವವರು ಕಾಣೆಯಾಗಿದ್ದಾರೆ.

ಇಂಥದ್ದೇ ಇನ್ನೊಂದು ಸಂಗತಿ ಇದೆ. ಕೇಳಿದರೆ ನಗು ಬರುತ್ತದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥಡಿಸ್ಟರು ಎಂಬ ಕ್ರೈಸ್ತ ಪಂಗಡದವರ ಕೂಟದ ಮನೆಯ ಮೇಲೆ ಸಾಲವಿತ್ತು. ತೀರಿಸಲು ತಲೆಗೆ ವಾರಕ್ಕೊಂದು ಪೆನ್ನಿ ಎಂದು ನಿರ್ಧಾರವಾಯಿತು. ಸುಮಾರು ಹನ್ನೆರಡು ಜನರಿಗೆ ಒಬ್ಬರಂತೆ ವಸೂಲಿಗೆ ನೇಮಿಸಿದರು. ಪೆನ್ನಿಗಾಗಿ ಮನೆಗಳಿಗೆ ಹೋದವರಿಗೆ ಅಲ್ಲಿನ ಕಷ್ಟ, ಜಗಳ, ಕುಡಿತ ಎಲ್ಲ ಕಂಡಿತು. ಅವರ ಮುಂದಾಳು ಜಾನ್ ವೆಸ್ಲಿ ಅದನ್ನೇ ಹಿಡಿದು ಎಲ್ಲ ಕಡೆ ಚಿಕ್ಕ ಗುಂಪುಗಳನ್ನು ಮಾಡಿದರು. ಸಾಲದ ನೆಪದಲ್ಲಾದರೂ ಸರಿ, ಯಾರೋ ಬಂದು ಬಾಗಿಲು ತಟ್ಟಿದರಲ್ಲ.

ಬೈಬಲ್ ಓದುವ ತೀರ್ಮಾನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫೆಬ್ರವರಿ ಅಂದರೆ ನೀವು ನಿಂತದ್ದು ನಿಯಮಗಳೇ ತುಂಬಿರುವ ಯಾಜಕಕಾಂಡದಲ್ಲಿ ಎಂದು ನನ್ನ ಊಹೆ. ನಾನೂ ಅಲ್ಲೇ ಎರಡು ಸಲ ನಿಂತಿದ್ದೇನೆ. ಈ ವರ್ಷ ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. ಹದಿನಾರೇ ಅಧ್ಯಾಯ.

ಹಾಗೆ ಓದುವಾಗ ಎರಡನೇ ಅಧ್ಯಾಯದಲ್ಲಿ ಸ್ವಲ್ಪ ನಿಲ್ಲಿ. ಪಾರ್ಶ್ವವಾಯು ಹೊಡೆದ ಒಬ್ಬನನ್ನು ನಾಲ್ಕು ಜನ ಹೊತ್ತು ತರುತ್ತಾರೆ. ಒಳಗೆ ಹೋಗಲು ದಾರಿಯಿಲ್ಲ. ಮಾಳಿಗೆ ಬಿಚ್ಚಿ ಇಳಿಸುತ್ತಾರೆ. ಯೇಸು "ಅವರ" ನಂಬಿಕೆಯನ್ನು ನೋಡಿದನು ಎಂದಿದೆ. ಮಲಗಿದ್ದವನಿಗೆ ಆ ಹೊತ್ತಿನಲ್ಲಿ ಎಷ್ಟು ನಂಬಿಕೆ ಇತ್ತು ಎಂದು ಮಾರ್ಕ ಹೇಳುವ ಗೋಜಿಗೇ ಹೋಗಿಲ್ಲ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ಮನೆಯಲ್ಲಿ ಕೂತು ಪ್ರಾರ್ಥಿಸಬಹುದು, ಪ್ರಸಂಗ ಕೇಳಬಹುದು. ಹಾಸಿಗೆ ಹಿಡಿದವರಿಗೆ ಮೊಬೈಲಿನ ಆರಾಧನೆ ದೊಡ್ಡ ಉಪಕಾರ. ಆದರೆ ನಂಬಿಕೆ ಒಣಗಿದ ದಿನ ಮೊಬೈಲು ನಿಮ್ಮನ್ನು ಹೊರುವುದಿಲ್ಲ. ಹಾಸಿಗೆಯ ನಾಲ್ಕು ಮೂಲೆ ಹಿಡಿಯಲು ಜನ ಬೇಕು.

ನಂಬಿಕೆಯನ್ನು ಹೊಸದು ಮಾಡಿಕೊಳ್ಳುವುದು ಹೊಸ ವರ್ಷದ ದಿನವೇ ಆಗಬೇಕು ಎಂದೂ ಇಲ್ಲ. ವರ್ಷದ ಮೊದಲಲ್ಲಿ ಅನೇಕ ಮೆಥಡಿಸ್ಟ್ ಸಭೆಗಳಲ್ಲಿ ಒಡಂಬಡಿಕೆಯ ಆರಾಧನೆ ನಡೆಯುತ್ತದೆ. ಎಲ್ಲರೂ ಸೇರಿ ತಮ್ಮನ್ನು ದೇವರಿಗೆ ಮತ್ತೆ ಒಪ್ಪಿಸಿಕೊಳ್ಳುತ್ತಾರೆ. 1755ರಲ್ಲಿ ವೆಸ್ಲಿ ಲಂಡನ್ನಿನಲ್ಲಿ ಅದನ್ನು ಮೊದಲು ನಡೆಸಿದಾಗ ಸುಮಾರು 1,800 ಜನ ಎದ್ದು ನಿಂತರು. ತಾರೀಖು ಯಾವುದು ಗೊತ್ತೇ? ಆಗಸ್ಟ್ 11. ಆದ್ದರಿಂದ ಈ ಸಂಚಿಕೆ ನಿಮ್ಮ ಕೈಗೆ ತಡವಾಗಿ ಸಿಕ್ಕರೂ ಬೇಸರ ಬೇಡ.

ಸಭೆಗೆ ವಾಪಸ್ ಹೋಗಿ ಎಂದು ಒಂದೇ ಮಾತಲ್ಲಿ ಹೇಳುವುದು ನನಗೆ ಸುಲಭ. ಖಾಲಿ ಕೈಯಲ್ಲಿ, ಯಾರೂ ಕಾಯದ ಜಾಗಕ್ಕೆ ಹೋಗುವುದು ನಿಮಗೆ ಕಷ್ಟ. ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಪಕ್ಕ ಕೂರುತ್ತಿದ್ದವರು ಯಾರು, ನೆನಪಿಸಿಕೊಳ್ಳಿ. ಅವರಿಗೆ ಫೋನ್ ಮಾಡಿ, ಹೇಗಿದ್ದೀರಿ ಎಂದು ಕೇಳಿ. ನಿಮ್ಮನ್ನು ಕೇಳದೆ ಇದ್ದವರು ಅವರೇ ಎಂದು ಸಿಟ್ಟು ಬರಬಹುದು. ಅದನ್ನೂ ಅವರಿಗೇ ಹೇಳಿಬಿಡಿ. ಅವರೂ ಮೂರು ತಿಂಗಳಿಂದ ಹೋಗಿಲ್ಲ ಎಂದು ಗೊತ್ತಾದರೆ ನನಗಂತೂ ಆಶ್ಚರ್ಯವಿಲ್ಲ.

ಪತ್ರದಲ್ಲಿ ನಿಮ್ಮ ಸಭೆಯ ಹೆಸರು ಬರೆದಿಲ್ಲ. ಬರೆದು ತಿಳಿಸಿ. ನೀವು ಒಪ್ಪಿದರೆ ನಿಮ್ಮ ಹೆಸರು ಹೇಳದೆ ನಿಮ್ಮ ಸಭಾಪಾಲಕರಿಗೆ ನಾನೊಂದು ಪತ್ರ ಬರೆಯುತ್ತೇನೆ. ಹಾಜರಿ ಪುಸ್ತಕದಲ್ಲಿ ಇನ್ನೊಂದು ಕಾಲಂ ಹಾಕಿಸಿ ಎಂದು.