ಓದುಗರ ಪ್ರಶ್ನೆ: ಬಿಲ್ಲು-ಬಾಣದ ಸೈಟಿಗೆ ಒಂದು ಪಿನ್ ಸಾಕಾ, ಐದು ಬೇಕಾ?

ಪ್ರಶ್ನೆ: ಸರ್, ನಮ್ಮೂರು ಹಾಸನ, ಈಗ ಇರೋದು ಟೆಕ್ಸಸ್‌ನಲ್ಲಿ. ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ಗಾಲಿ ಇರೋದು) ತಗೊಂಡು ವೀಕೆಂಡ್ ರೇಂಜಿಗೆ, ಅಂದ್ರೆ ಟಾರ್ಗೆಟ್ ಹೊಡಿಯೋ ಜಾಗಕ್ಕೆ, ಹೋಗ್ತಾ ಇದೀನಿ, ಈ ಸಲ ಆಫೀಸಿನವರು ಜಿಂಕೆ ಬೇಟೆಗೂ ಕರೀತಿದಾರೆ. ಅಂಗಡೀಲಿ ಒಬ್ಬ ಐದು ಪಿನ್ನಿನ ಸೈಟ್ (ಬಿಲ್ಲಿಗೆ ಕೂರಿಸೋ ಗುರಿ ಸಾಧನ, ಒಂದೊಂದು ದೂರಕ್ಕೆ ಒಂದೊಂದು ಚುಕ್ಕಿ, ಅದೇ ಪಿನ್) ಹಾಕ್ಸಿ ಅಂತಾನೆ, ಇನ್ನೊಬ್ಬ ಒಂದೇ ಪಿನ್ನಿನ ಸ್ಲೈಡರ್ (ದೂರಕ್ಕೆ ತಕ್ಕಂಗೆ ವೀಲ್ ತಿರುಗಿಸಿ ಮೇಲೆ ಕೆಳಗೆ ಸರಿಸೋ ಸೈಟ್) ಸಾಕು ಅಂತಾನೆ. ಎರಡಕ್ಕೂ ಆಗೋ ಅಂಥದ್ದು ಯಾವುದು?

ಉತ್ತರ: ಇಬ್ಬರೂ ಸುಳ್ಳು ಹೇಳಿಲ್ಲ, ಒಬ್ಬ ಬೇಟೆ ಮನಸ್ಸಲ್ಲಿಟ್ಕೊಂಡು ಹೇಳಿದಾನೆ, ಇನ್ನೊಬ್ಬ ರೇಂಜ್ ಮನಸ್ಸಲ್ಲಿಟ್ಕೊಂಡು. ರೇಂಜಲ್ಲಿ ಟಾರ್ಗೆಟ್ ಎಲ್ಲೂ ಓಡಲ್ಲ, ದೂರ ಗೊತ್ತಿರುತ್ತೆ, ಆರಾಮಾಗಿ ವೀಲ್ ತಿರುಗಿಸಿ 37 ಗಜಕ್ಕೆ ಇಟ್ಟು ಹೊಡೀಬಹುದು, ಕಣ್ಣೆದುರು ಒಂದೇ ಚುಕ್ಕಿ, ಗೊಂದಲಾನೇ ಇಲ್ಲ. ಜಿಂಕೆ ಹಂಗಲ್ವಲ್ಲ. 30 ಗಜದಲ್ಲಿ ಮೇಯ್ತಾ ಇದ್ದಿದ್ದು ನೀವು ಹೆದೆ ಎಳೆದು ಹಿಡಿದ ಮೇಲೆ ಹತ್ತು ಗಜ ಆಚೆ ಹೋಗಿ ನಿಲ್ಲುತ್ತೆ, ಆಗ ವೀಲ್ ತಿರುಗಿಸೋಕೆ ಮೂರನೇ ಕೈ ಎಲ್ಲಿಂದ ತರ್ತೀರ? ಸೆಕೆಂಡಿಗೆ 280 ಅಡಿ ಹೋಗೋ ಬಾಣ ಅಂತ ಇಟ್ಕೊಳ್ಳಿ, 30ರ ಪಿನ್ನಲ್ಲೇ 40 ಗಜಕ್ಕೆ ಬಿಟ್ರೆ ಹೆಚ್ಚುಕಮ್ಮಿ ಏಳೆಂಟು ಇಂಚು ಕೆಳಗೆ ಬೀಳುತ್ತೆ. ಟಾರ್ಗೆಟ್ ಆದ್ರೆ ಒಂದಷ್ಟು ಪಾಯಿಂಟ್ ಹೋಯ್ತು ಅಷ್ಟೆ, ಜಿಂಕೆಗಾದ್ರೆ ಹೃದಯ, ಶ್ವಾಸಕೋಶ ತಪ್ಪಿ ಕಾಲಿಗೋ ಎದೆ ಕೆಳಗೋ ತಗುಲಿ ಅದು ಗಾಯ ಹೊತ್ಕೊಂಡು ಓಡುತ್ತೆ. ಹಂಗೆ ಹೊಡಿಯೋದಕ್ಕಿಂತ ಹೊಡೀದೇ ಇರೋದು ವಾಸಿ.

ಅದಕ್ಕೇ ನಾನು ಹೇಳೋದು ಮೂರು ಪಿನ್ನಿನ ಸ್ಲೈಡರ್. 20, 30, 40 ಗಜಕ್ಕೆ ಪಿನ್ ಸೆಟ್ ಆಗಿರುತ್ತೆ, ಬೇಟೇಲಿ ವೀಲ್ ಮುಟ್ಟೋದೇ ಬೇಡ. ರೇಂಜಲ್ಲಿ 60 ಗಜ ಹೊಡೀಬೇಕಂದ್ರೆ ಇಡೀ ಸೈಟನ್ನೇ ಕೆಳಗಿಳಿಸಬಹುದು. ಬೆಲೆ ಸ್ವಲ್ಪ ಜಾಸ್ತಿ, ಆದ್ರೆ ಎರಡು ಸೈಟ್ ತಗೊಳ್ಳೋ ಖರ್ಚು ಉಳಿಯುತ್ತೆ. ಐದು ಪಿನ್ ಹೊಸಬರಿಗೆ ಬೇಡ, ಗಾಬರೀಲಿ ಯಾವ ಪಿನ್ ಯಾವುದು ಅನ್ನೋದೇ ಮರ್ತೋಗುತ್ತೆ. ಪಿನ್ನಿನ ದಪ್ಪ 0.019 ಇಂಚು ಇರಲಿ. 0.010 ಸಣ್ಣದು, ದೂರದ ಟಾರ್ಗೆಟ್ ಮರೆಯಾಗಲ್ಲ, ಸರಿ, ಆದ್ರೆ ಪಿನ್ನಿನ ತುದೀಲಿ ಹೊಳೆಯೋ ಫೈಬರ್ ಎಳೆ ಸಣ್ಣ ಆದಷ್ಟೂ ಬೆಳಕು ಕಮ್ಮಿ. ಟೆಕ್ಸಸ್‌ನಲ್ಲಿ ಸೂರ್ಯ ಹುಟ್ಟೋ ಅರ್ಧ ಗಂಟೆ ಮುಂಚೆಯಿಂದ ಮುಳುಗಿ ಅರ್ಧ ಗಂಟೆವರೆಗೂ ಬೇಟೆಗೆ ಅವಕಾಶ ಇದೆ, ಜಿಂಕೆ ಜಾಸ್ತಿ ಓಡಾಡೋದೂ ಆ ಮಬ್ಬಲ್ಲೇ. ಬ್ಯಾಟರಿ ಲೈಟಿನ ಸೈಟ್ ಆಸೆ ಆದ್ರೆ ಮೊದಲು ರೂಲ್ಸ್ ನೋಡ್ಕೊಳ್ಳಿ, ಒಂದೊಂದು ರಾಜ್ಯದಲ್ಲಿ ಒಂದೊಂದು ಥರ.

ಇನ್ನೊಂದು ವಿಷಯ ಅಂಗಡಿಯವರು ಸಾಮಾನ್ಯವಾಗಿ ಹೇಳಲ್ಲ. ಹೆದೆಗೆ ಸಿಕ್ಕಿಸಿರೋ ಪೀಪ್ ಅನ್ನೋ ಸಣ್ಣ ಬಳೇಲಿ ನೋಡಿದಾಗ ಸೈಟಿನ ದುಂಡು ಅಂಚು ಅದರೊಳಗೆ ಸರಿಯಾಗಿ ಕೂರಬೇಕು, ಸುತ್ತ ಒಂದು ತೆಳ್ಳನೆ ಗೆರೆ ಬೆಳಕು ಕಾಣೋ ಹಂಗೆ. ಅದು ಕೂರದಿದ್ರೆ ಎಷ್ಟು ದುಬಾರಿ ಸೈಟ್ ಆದ್ರೂ ಬಾಣ ಒಂದ್ಸಲ ಎಡಕ್ಕೆ ಒಂದ್ಸಲ ಬಲಕ್ಕೆ. ಸೆಟ್ ಮಾಡುವಾಗ ಬಾಣ ಯಾವ ಕಡೆ ಹೋಗುತ್ತೋ ಸೈಟನ್ನೂ ಅದೇ ಕಡೆ ಸರಿಸಿ, ಎಡಕ್ಕೆ ಬಿದ್ರೆ ಎಡಕ್ಕೆ, ಮೇಲೆ ಬಿದ್ರೆ ಮೇಲಕ್ಕೆ. ಒಂದೇ ಬಾಣ ನೋಡಿ ಸ್ಕ್ರೂ ತಿರುಗಿಸ್ಬೇಡಿ, ಮೂರು ಬಾಣ ಎಲ್ಲಿ ಗುಂಪಾಗುತ್ತೆ ನೋಡಿ. ಬೇಟೆಗೆ ಹಾಕೋ ಅಗಲ ಮೊನೆಯ ಬಾಣವನ್ನೂ ಮುಂಚೆನೇ ಹೊಡೆದು ನೋಡಿ, ಪ್ರಾಕ್ಟೀಸ್ ಮೊನೆ ಬಿದ್ದ ಕಡೆನೇ ಅದೂ ಬೀಳುತ್ತೆ ಅಂತ ಗ್ಯಾರಂಟಿ ಇಲ್ಲ. ಲೈಸೆನ್ಸ್ ಜೊತೆಗೆ ಹಂಟರ್ ಎಜುಕೇಷನ್ ಕೋರ್ಸೂ ಮುಗಿಸ್ಕೊಳ್ಳಿ, 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಅಲ್ಲಿ ಅದು ಕಡ್ಡಾಯ. ರಜಕ್ಕೆ ಊರಿಗೆ ಬಂದಾಗ ಮಾತ್ರ ಟಾರ್ಗೆಟ್ ಅಷ್ಟೇ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇಲ್ಲಿ ಶೋಕಿಗೆ ಬೇಟೆ ಆಡಿದ್ರೆ ಜೈಲು.

ಪ್ರಶ್ನೆ: ಮಗಳು ರಿಕರ್ವ್ (ಗಾಲಿ ಇಲ್ಲದ, ತುದಿ ಮುಂದಕ್ಕೆ ಬಾಗಿರೋ ಬಿಲ್ಲು) ಕಲೀತಿದಾಳೆ, ಇಂಥದ್ದೇ ಪಿನ್ನಿನ ಸೈಟ್ ತಗೋಬಹುದಾ? (ಧಾರವಾಡದಿಂದ)

ಉತ್ತರ: ಬೇಡ. ರಿಕರ್ವ್ ಸ್ಪರ್ಧೇಲಿ ಗುರಿಗೆ ಒಂದೇ ಪಾಯಿಂಟ್ ಇರಬೇಕು, ಲೆನ್ಸ್, ಪೀಪ್, ಮಟ್ಟ ನೋಡೋ ಗುಳ್ಳೆ ಯಾವುದೂ ನಡೆಯಲ್ಲ. ಲೆನ್ಸಿನ ಸೌಲಭ್ಯ ಕಾಂಪೌಂಡ್‌ನವರಿಗೆ, ಅವರು ಹೊಡಿಯೋದು 50 ಮೀಟರ್. ರಿಕರ್ವ್ ದೊಡ್ಡವರಿಗೆ 70, 18ರೊಳಗಿನವರಿಗೆ 60. ರಿಕರ್ವ್‌ಗೆ ಅಂತಲೇ ಬರೋ, ಮುಂದಕ್ಕೆ ಚಾಚಿದ ಕಂಬಿ ತುದೀಲಿ ಮೇಲಕ್ಕೂ ಕೆಳಕ್ಕೂ ಸರಿಯೋ ಸೈಟ್ ತಗೊಳ್ಳಿ. ಅದೂ ಅವಳ ಕೋಚ್ ಹೂಂ ಅಂದ ಮೇಲೆ, ಯಾಕಂದ್ರೆ ಎಳೆಯೋದು ಬಿಡೋದು ಒಂದೇ ಥರ ಆಗೋವರೆಗೂ ಎಷ್ಟೋ ಕೋಚ್‌ಗಳು ಸೈಟ್ ಕೈಗೇ ಕೊಡಲ್ಲ.