ಇಂಟು ಮಾರ್ಕು ಮತ್ತು ಎಕ್ಸ್‌ಮಸ್

ಪ್ರಿಯ ಓದುಗರೇ,

ಡಿಸೆಂಬರ್ ಸಂಚಿಕೆಯಲ್ಲಿ ನಾವು ಹಾಕಿದ್ದ 'ಎಕ್ಸ್‌ಮಸ್ ಸಡಗರ' ಎಂಬ ತಲೆಬರಹ ನಿಮಗೆ ಬೇಸರ ತಂದಿದೆ. ಕ್ರಿಸ್‌ಮಸ್ ಹೆಸರನ್ನು ಇಂಗ್ಲಿಷಿನಲ್ಲಿ ಚಿಕ್ಕದಾಗಿ 'Xmas' ಅಂತ ಬರೆಯುತ್ತಾರಲ್ಲ, ಅದೇ ಈ ಎಕ್ಸ್‌ಮಸ್. 'ಕ್ರಿ.ಶ. ಮೊದಲ ಶತಮಾನದಿಂದ ಜನ ನಂಬಿಕೊಂಡು ಬಂದ ಹೆಸರನ್ನು ಕಿತ್ತು ಆ ಜಾಗಕ್ಕೆ ಇಂಟು ಮಾರ್ಕ್ ಹಾಕಿದ್ದೀರಿ. ತಪ್ಪು ಲೆಕ್ಕಕ್ಕೆ ಮೇಷ್ಟ್ರು ಹಾಕೋ ಗುರುತು ಅದು. ನಾಲ್ಕು ಅಕ್ಷರಕ್ಕೂ ನಿಮ್ಮಲ್ಲಿ ಜಾಗ ಇರಲಿಲ್ಲವೇ?' ಎಂದು ಕೇಳಿದ್ದೀರಿ. ಕ್ಷಮೆ ಕೇಳಬೇಕು ಅಂತಲೂ ಬರೆದಿದ್ದೀರಿ. ಕೇಳುತ್ತೇನೆ. ಆದರೆ ನೀವು ಹೇಳಿದ ಕಾರಣಕ್ಕಲ್ಲ.

ಮೊದಲು ಆ ಇಂಟು ಮಾರ್ಕಿನ ಕಥೆ. ಗ್ರೀಕ್ ವರ್ಣಮಾಲೆಯಲ್ಲಿ 'ಖಿ' ಅಂತ ಒಂದು ಅಕ್ಷರ ಇದೆ. ನೋಡೋಕೆ ಥೇಟ್ ಇಂಗ್ಲಿಷಿನ ಎಕ್ಸ್. ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಭಾಗವಾದ ಹೊಸ ಒಡಂಬಡಿಕೆಯನ್ನು ಬರೆದದ್ದು ಗ್ರೀಕಿನಲ್ಲಿ. ಅಲ್ಲಿ ಕ್ರಿಸ್ತನ ಹೆಸರು 'ಖ್ರಿಸ್ತೋಸ್', ಅಭಿಷಿಕ್ತ ಎಂದರ್ಥ. ಆ ಹೆಸರು ಶುರುವಾಗುವುದೇ 'ಖಿ'ಯಿಂದ. ನೀವು ಕಿತ್ತುಹಾಕಿದ್ದಾರೆ ಎಂದುಕೊಂಡ ಹೆಸರು ಆ ಗುರುತಿನೊಳಗೇ ಕೂತಿದೆ.

ಇದನ್ನು ಚಿಕ್ಕದು ಮಾಡಿದವರು ಯಾರು? ನಂಬಿದವರೇ. ಬೈಬಲಿನ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ದೇವರು, ಪ್ರಭು, ಯೇಸು, ಕ್ರಿಸ್ತ ಈ ಪದಗಳನ್ನು ಪೂರ್ತಿ ಬರೆಯುವುದೇ ಅಪರೂಪ. ಸಾಮಾನ್ಯವಾಗಿ ಮೊದಲ ಮತ್ತು ಕೊನೆಯ ಅಕ್ಷರ ಬರೆದು, ತಲೆಯ ಮೇಲೆ ಒಂದು ಅಡ್ಡಗೆರೆ ಎಳೆಯುತ್ತಿದ್ದರು. ನಾಲ್ಕನೇ ಶತಮಾನದ 'ಕೋಡೆಕ್ಸ್ ಸಿನೈಟಿಕಸ್' ಎಂಬ ಬೈಬಲ್ ಹಸ್ತಪ್ರತಿಯಲ್ಲೂ ಹೀಗೇ ಇದೆ. ಚರ್ಮದ ಹಾಳೆ ದುಬಾರಿ, ಜಾಗ ಉಳಿಸೋಕೆ ಮಾಡಿರಬೇಕು ಅಂತ ನನಗೂ ಮೊದಲು ಅನಿಸಿತ್ತು. ಆದರೆ ಅದೇ ಪುಟದಲ್ಲಿ ಇವಕ್ಕಿಂತ ಎಷ್ಟೋ ಉದ್ದದ ಪದಗಳನ್ನು ಅಕ್ಷರ ಬಿಡದೆ ಬರೆದಿರುತ್ತಾರೆ. ಪವಿತ್ರ ಹೆಸರು ಉಳಿದ ಮಾತಿನ ನಡುವೆ ಎದ್ದು ಕಾಣಲಿ ಎಂದೇ ಈ ಗೆರೆ ಎಂಬುದು ಬಹಳ ವಿದ್ವಾಂಸರ ಅಭಿಪ್ರಾಯ. ಆರ್ಥೊಡಾಕ್ಸ್ ಚರ್ಚಿನ ಚಿತ್ರಪಟ ನೋಡಿದ್ದರೆ ನೆನಪು ಮಾಡಿಕೊಳ್ಳಿ. ಯೇಸುವಿನ ತಲೆಯ ಆಚೆಈಚೆ ಎರಡೆರಡು ಅಕ್ಷರ, ಮೇಲೆ ಪುಟ್ಟ ಗೆರೆ. ಒಂದು ಜೋಡಿಯಲ್ಲಿ ಎಕ್ಸ್ ಆಕಾರ ಎದ್ದು ಕಾಣುತ್ತದೆ.

ಇಂಗ್ಲಿಷಿಗೂ ಇದು ನಿನ್ನೆ ಮೊನ್ನೆ ಬಂದದ್ದಲ್ಲ. ಸುಮಾರು 1100ರ ಹೊತ್ತಿಗೇ ಇಂಗ್ಲೆಂಡಿನ ಹಳೆಯ ಇತಿಹಾಸ ದಾಖಲೆ 'ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್'ನಲ್ಲಿ ಹಬ್ಬದ ಹೆಸರನ್ನು ಗ್ರೀಕ್ ಅಕ್ಷರಗಳಿಂದ ಶುರು ಮಾಡಿ ಚಿಕ್ಕದಾಗಿ ಬರೆದಿದ್ದಾರೆ. ಕೊನೆಯ 'ಮಸ್' ಅಂದರೆ ಚರ್ಚಿನಲ್ಲಿ ನಡೆಯುವ 'ಬಲಿಪೂಜೆ' ಎಂಬ ಆರಾಧನೆ. ಚರ್ಚಿನಲ್ಲಿ ಡೀಕನ್, ಅಂದರೆ ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನ ದೀಕ್ಷಿತ ಸೇವಕ, ಆಗಿದ್ದ 'ಆಲಿಸ್ ಇನ್ ವಂಡರ್‌ಲ್ಯಾಂಡ್' ಲೇಖಕ ಲೂಯಿಸ್ ಕ್ಯಾರಲ್ 1864ರಲ್ಲಿ ಇದೇ ರೂಪ ಬಳಸಿದ್ದಾರೆ. ಅವರಿಗೆ ಅದರಲ್ಲಿ ಅಪಚಾರ ಕಂಡಿರಲಾರದು, ಅಲ್ವಾ?

ಇನ್ನೊಂದು ಮಾತು, ಕೋಪ ಮಾಡ್ಕೋಬೇಡಿ. ನಿಮ್ಮ ಪತ್ರದಲ್ಲೇ 'ಕ್ರಿ.ಶ.' ಇದೆ. ಕ್ರಿಸ್ತನ ಹೆಸರನ್ನು ಒಂದೇ ಅಕ್ಷರಕ್ಕೆ ಇಳಿಸಿ ಚುಕ್ಕಿ ಇಟ್ಟಿದ್ದೀರಿ. ನಾನೂ ದಿನಾ ಇಡುತ್ತೇನೆ. ಅದು ನಮ್ಮನ್ನು ಚುಚ್ಚುವುದಿಲ್ಲ, ಯಾಕೆಂದರೆ ಕಣ್ಣು 'ಕ್ರಿ.' ಅಂತ ಕಂಡರೂ ಬಾಯಿ 'ಕ್ರಿಸ್ತ' ಅಂತಲೇ ಓದುತ್ತದೆ.

ನಾವು ಎಡವಿದ್ದು ಇಲ್ಲೇ. ಇಂಗ್ಲಿಷಿನಲ್ಲಿ ಎಕ್ಸ್ ಬರೆದಾಗ ಕಡೇಪಕ್ಷ ಗ್ರೀಕ್ ಅಕ್ಷರದ ಆಕಾರವಾದರೂ ಉಳಿಯುತ್ತದೆ. ಗೊತ್ತಿದ್ದವರು ಅದನ್ನು 'ಕ್ರಿಸ್‌ಮಸ್' ಅಂತ ಓದಬಹುದು. ಕನ್ನಡದಲ್ಲಿ 'ಎಕ್ಸ್‌ಮಸ್' ಅಂತ ಅಚ್ಚು ಹಾಕಿದರೆ ಆ ಆಕಾರವೇ ಇಲ್ಲ. ಉಳಿಯುವುದು ಇಂಗ್ಲಿಷ್ ಅಕ್ಷರವೊಂದರ ಹೆಸರು ಮಾತ್ರ. ಅದನ್ನು 'ಎಕ್ಸ್‌ಮಸ್' ಅಂತ ಬಿಟ್ಟು ಬೇರೆ ಥರ ಓದೋಕೆ ದಾರಿಯೇ ಇಲ್ಲ. ಖಿಯೂ ಹೋಯಿತು, ಖ್ರಿಸ್ತೋಸನೂ ಹೋದ. ಅಷ್ಟರ ಮಟ್ಟಿಗೆ ನಿಮ್ಮ ದೂರು ನಿಜ.

ಜಾಗದ ನೆಪವೂ ನಿಲ್ಲುವುದಿಲ್ಲ. ಇಂಗ್ಲಿಷಿನಲ್ಲಿ ಒಂಬತ್ತು ಅಕ್ಷರ ನಾಲ್ಕಕ್ಕೆ ಇಳಿಯುತ್ತದೆ. ನಿಮ್ಮ ಪತ್ರ ಬಂದ ಮೇಲೆ ಪುಟ ತೆಗೆಸಿ, ಎರಡೂ ಪದಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದೆ. ಕ್ರಿ, ಸ್, ಮ, ಸ್. ಎ, ಕ್ಸ್, ಮ, ಸ್. ಅಲ್ಲಿಗಲ್ಲಿಗೆ ಸರಿ! ಸಾಲು ಹಿಡಿಸಲಿಲ್ಲ ಎಂದಲ್ಲ, ಸ್ವಲ್ಪ ಸ್ಟೈಲಾಗಿ ಕಾಣಲಿ ಅಂತ ಡೆಸ್ಕಿನಲ್ಲಿ ಯಾರೋ ಬದಲಾಯಿಸಿದ್ದರು. ಕೊನೆಯ ಪ್ರೂಫ್ ನೋಡಿದವನು ನಾನೇ. ಸುಮ್ನೆ ಸಹಿ ಹಾಕಿ ಕಳಿಸಿದೆ.

ಗೊತ್ತಿದ್ದವರಿಗೆ ಅದು ಖಿ, ಸರಿ. ಆದರೆ ಎಲ್ಲರಿಗೂ ಗೊತ್ತಿರಬೇಕು ಅಂತ ಹೇಳೋಕೆ ನನಗೆ ಮನಸ್ಸಿಲ್ಲ. ಬೀಜಗಣಿತದಲ್ಲಿ ಎಕ್ಸ್ ಅಂದರೆ ಗೊತ್ತಿಲ್ಲದ ಸಂಖ್ಯೆ, 1637ರಲ್ಲಿ ಫ್ರೆಂಚ್ ತತ್ತ್ವಜ್ಞಾನಿ, ಗಣಿತಜ್ಞ ದೆಕಾರ್ತ್ ಹಾಕಿಕೊಟ್ಟ ರೂಢಿ. ಉತ್ತರಪತ್ರಿಕೆಯಲ್ಲಿ ಅದು ತಪ್ಪು, ಕಂಪ್ಯೂಟರ್ ಪರದೆಯ ಮೂಲೆಯಲ್ಲಿ 'ಮುಚ್ಚು'. ಇಷ್ಟೆಲ್ಲ ನೋಡಿ ಪಳಗಿದ ಕಣ್ಣು ಹಬ್ಬದ ಹೆಸರಲ್ಲಿ ಅದನ್ನು ಕಂಡು ಬೆಚ್ಚಿದರೆ ಕಣ್ಣಿನ ತಪ್ಪಲ್ಲ. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ಶೈಲಿ ಕೈಪಿಡಿಯೂ ಈ ಚಿಕ್ಕ ರೂಪ ಬೇಡ ಅನ್ನುತ್ತದೆ.

ಹಾಗಾಗಿ ಕ್ಷಮೆ ಇದಕ್ಕೆ: ಕನ್ನಡದಲ್ಲಿ ಅರ್ಥವಿಲ್ಲದ ಪದವನ್ನು ಅರ್ಥವಿದ್ದ ಪದದ ಜಾಗದಲ್ಲಿ ಕೂರಿಸಿದ್ದಕ್ಕೆ. ಇನ್ನು ಮುಂದೆ ನಮ್ಮ ಪುಟಗಳಲ್ಲಿ 'ಕ್ರಿಸ್‌ಮಸ್' ಅಂತಲೇ ಇರುತ್ತದೆ. ಓದುಗರ ಪತ್ರದಲ್ಲಿ ಯಾರಾದರೂ 'ಎಕ್ಸ್‌ಮಸ್' ಅಂತ ಬರೆದರೆ ಮಾತ್ರ ತಿದ್ದುವುದಿಲ್ಲ, ಅದು ಅವರ ಮಾತು. ನಿಮ್ಮ 'ಕ್ರಿ.ಶ.'ವನ್ನೂ ತಿದ್ದಿಲ್ಲ.

- ಸಂಪಾದಕ